ಮೀಟಿಂಗು ಎಲ್ಲಿ ಅಂತ ಯಾರಿಗೆ ಗೊತ್ತು?

1

ನಮ್ಮೂರಿನ ಒಂದು ಮೀಟಿಂಗಿನಿಂದ ಈ ಲೇಖನವನ್ನು ಶುರು ಮಾಡುತ್ತೇನೆ. ದಲಿತ ವಿಮರ್ಶೆಯ ಸಂಚಿಕೆಯಲ್ಲಿ ಊರ ಮೀಟಿಂಗಿಗೇನು ಕೆಲಸ ಎಂದು ಕೇಳುವ ಗೆಳೆಯರು ಸ್ವಲ್ಪ ತಾಳಬೇಕು.

2020ರ ಡಿಸೆಂಬರ್. ಗ್ರಾಮ ಪಂಚಾಯತಿ ಚುನಾವಣೆ. ಕೊರೊನಾದಿಂದ ಹಾಸ್ಟೆಲು ಮುಚ್ಚಿತ್ತು, ಎಂ.ಎ. ಓದುತ್ತಿದ್ದ ನಾನು ಊರಲ್ಲೇ ಇದ್ದೆ. ಕಾಯ್ದೆಯ ಪ್ರಕಾರ ಗ್ರಾಮ ಪಂಚಾಯತಿ ಚುನಾವಣೆಗೆ ಪಕ್ಷವಿಲ್ಲ, ಪಕ್ಷದ ಚಿಹ್ನೆಯಿಲ್ಲ. ಆದರೂ ಯಾರು ನಾಮಪತ್ರ ಹಾಕಬೇಕು ಎಂದು ಪಕ್ಷಗಳು ಕೂತು ತೀರ್ಮಾನಿಸುವುದು ಎಲ್ಲರಿಗೂ ಗೊತ್ತಿರುವ ಗುಟ್ಟು. ನಮ್ಮ ವಾರ್ಡಿನ ಮೂರು ಸೀಟಿನಲ್ಲಿ ಒಂದು ಪರಿಶಿಷ್ಟ ಜಾತಿಗೆ ಮೀಸಲು. 'ಈ ಸಲ ಓಟಿರೋರ್ನೆಲ್ಲ ಕೂರಿಸ್ಕಂಡೇ ಹೆಸರು ಮಾಡದು' ಎಂದು ಒಂದು ಪಕ್ಷದವರು ನಮ್ಮ ಕೇರಿಗೂ ಹೇಳಿ ಕಳಿಸಿದರು. ಬೆಳಿಗ್ಗೆ ಹತ್ತಕ್ಕೆ, ಇಸ್ಕೂಲ್ ತಾವ.

ಚಿಕ್ಕಪ್ಪ, ಅತ್ತೆ, ನಾನು, ಇನ್ನೂ ಏಳೆಂಟು ಜನ ಹತ್ತಕ್ಕೇ ಹೋದೆವು. ಇಸ್ಕೂಲಿಗೆ ಬೀಗ. ಅರ್ಧ ಗಂಟೆ ಕಾದ ಮೇಲೆ ಸೈಕಲ್ಲಿನಲ್ಲಿ ಬಂದ ಹುಡುಗನೊಬ್ಬ 'ಇಲ್ಲಲ್ಲ, ಡೇರಿ ತಾವ ಅಂದ್ರು' ಎಂದ. ಡೇರಿಯಲ್ಲಿ ಹಾಲಿನ ಕ್ಯಾನು ತೊಳೆಯುತ್ತಿದ್ದವರು 'ಈಗಷ್ಟೇ ಎಲ್ಲಾ ತೋಟಕ್ಕೆ ಹೋದ್ರು' ಎಂದರು. ಯಾವ ತೋಟ ಎಂದು ಅವರು ಹೇಳಲಿಲ್ಲ, ನಾವೂ ಕೇಳಲಿಲ್ಲ. ನಮ್ಮೂರಲ್ಲಿ ತೋಟ ಅಂದರೆ ಯಾರ ತೋಟ ಅಂತ ಕೂಸಿಗೂ ಗೊತ್ತು.

ನಾವು ಹೋಗುವಷ್ಟರಲ್ಲಿ ಹನ್ನೆರಡೂವರೆ. ಹದಿನೈದಿಪ್ಪತ್ತು ಜನ ಕುರ್ಚಿಯ ಮೇಲಿದ್ದರು. ನಾವು ತೆಂಗಿನ ಮರದ ಬುಡದಲ್ಲಿ ನಿಂತೆವು. ನಿಲ್ಲಿ ಎಂದು ಯಾರೂ ಹೇಳಲಿಲ್ಲ, ಕುಂತ್ಕಳಿ ಎಂದೂ ಯಾರೂ ಹೇಳಲಿಲ್ಲ. ಮೀಸಲು ಸೀಟಿಗೆ ಹೆಸರು ಆಗಿಹೋಗಿತ್ತು. ತೋಟದವರ ಟ್ರ್ಯಾಕ್ಟರ್ ಓಡಿಸುವವನು, ನಮ್ಮ ಕೇರಿಯವನೇ. 'ನಿಮ್ಮೋನ್ನೇ ಮಾಡಿವಿ ಕಣಪ್ಪ, ಇನ್ನೇನ್ ಬೇಕು?' ಎಂದರು ಯಜಮಾನರು. ಚಿಕ್ಕಪ್ಪ 'ಯಾವಾಗ ತೀರ್ಮಾನ ಆಯ್ತು ಬುದ್ಧಿ?' ಎಂದ. 'ನೀವು ಲೇಟು' ಎಂದು ನಕ್ಕರು. ಒಂದು ನೋಟ್‌ಬುಕ್ಕು ಬಂತು. 'ಸರ್ವಾನುಮತದಿಂದ ಆಯ್ಕೆ ಮಾಡಲಾಯಿತು' ಎಂದು ಬರೆದಾಗಿತ್ತು, ಕೆಳಗೆ ಸಹಿಗೆ ಜಾಗವಿತ್ತು. ಚಿಕ್ಕಪ್ಪ ಹೆಬ್ಬೆಟ್ಟು ಒತ್ತಿದ. ನಾನು ಸಹಿ ಹಾಕಿದೆ.

ವಾಪಸ್ಸು ಬರುವಾಗ ಅತ್ತೆ ಒಂದೇ ಮಾತು ಅಂದಳು: 'ಓದಿರ ನೀನೂ ಹಾಕ್ಬುಟ್ಯಲ್ಲ.'

ಅಂದಿನ ಅಲೆದಾಟವನ್ನು ಬಹಳ ದಿನ ನಾನು ಗೊಂದಲವೆಂದೇ ತಿಳಿದಿದ್ದೆ. ಹಳ್ಳಿ ಮೀಟಿಂಗು ಅಂದರೆ ಹೀಗೇ, ಯಾರಿಗೂ ಶಿಸ್ತಿಲ್ಲ ಎಂದುಕೊಂಡಿದ್ದೆ. ಆದರೆ ಕುರ್ಚಿಯ ಮೇಲಿದ್ದ ಹದಿನೈದಿಪ್ಪತ್ತು ಜನರಲ್ಲಿ ಒಬ್ಬರೂ ಇಸ್ಕೂಲಿಗೆ ಹೋಗಿ ಬೀಗ ನೋಡಿ ಬಂದವರಿರಲಿಲ್ಲ. ಗೊಂದಲವಾದದ್ದು ನಮಗೆ ಮಾತ್ರ. ಈ ಸಣ್ಣ ಸಂಗತಿ ನನಗೆ ಅರ್ಥವಾದದ್ದು ಅಮೆರಿಕದ ಕಪ್ಪು ಜನರ ಚಳುವಳಿಯ ಬಗ್ಗೆ ಓದುವಾಗ. ಅಲ್ಲಿ ಇಂಥ ಮೀಟಿಂಗಿಗೆ ಒಂದು ಹೆಸರಿದೆ, ಒಂದು ಚರಿತ್ರೆಯೂ ಇದೆ.

2

ಅಲ್ಲಿ ಅದನ್ನು 'ಕಾಕಸ್' ಎನ್ನುತ್ತಾರೆ. ನಮ್ಮ ಪತ್ರಿಕೆಗಳಲ್ಲಿ ಈ ಮಾತು ಪಕ್ಷದೊಳಗಿನ ಗುಂಪು, ಒಳಕೂಟ ಎಂಬರ್ಥದಲ್ಲಿ ಬರುತ್ತದೆ. ಅಮೆರಿಕದಲ್ಲಿ ಇನ್ನೊಂದು ಅರ್ಥವೂ ಇದೆ. ಒಂದು ಮತಗಟ್ಟೆಯ ವ್ಯಾಪ್ತಿಯಲ್ಲಿ ಒಂದು ಪಕ್ಷಕ್ಕೆ ಸೇರಿದ ಮತದಾರರು ಒಂದು ಕಡೆ ಕೂಡಿ, ನಮ್ಮ ಪಕ್ಷದ ಅಭ್ಯರ್ಥಿ ಯಾರಾಗಬೇಕು, ಮೇಲಿನ ಸಮಾವೇಶಕ್ಕೆ ನಮ್ಮ ಪ್ರತಿನಿಧಿಯಾಗಿ ಯಾರು ಹೋಗಬೇಕು ಎಂದು ತೀರ್ಮಾನಿಸುವ ಸಭೆ ಅದು. ಮತಗಟ್ಟೆಯಿಂದ ಕೌಂಟಿಗೆ, ಅಂದರೆ ನಮ್ಮ ಜಿಲ್ಲೆಯಂಥದ್ದಕ್ಕೆ, ಅಲ್ಲಿಂದ ರಾಜ್ಯಕ್ಕೆ, ಅಲ್ಲಿಂದ ಅಧ್ಯಕ್ಷ ಪದವಿಯ ಅಭ್ಯರ್ಥಿಯನ್ನು ಆರಿಸುವ ರಾಷ್ಟ್ರೀಯ ಸಮಾವೇಶಕ್ಕೆ. ಏಣಿಯ ಮೊದಲ ಮೆಟ್ಟಿಲು ಈ ಸಣ್ಣ ಮೀಟಿಂಗು.

ಇದಕ್ಕೆ ಬದಲಾಗಿ ಇರುವುದು 'ಪ್ರೈಮರಿ'. ಅದು ಸಾಮಾನ್ಯವಾಗಿ ಸರ್ಕಾರವೇ ನಡೆಸುವ ಮತದಾನ. ಹೋಗಿ, ಗುಟ್ಟಾಗಿ ಓಟು ಹಾಕಿ ಬಂದರಾಯಿತು. ಕಾಕಸ್ಸನ್ನು ನಡೆಸುವುದು ಪಕ್ಷ, ಪಕ್ಷದ ಸ್ಥಳೀಯ ಕಾರ್ಯಕರ್ತರು. ಕಾಕಸ್ಸಿಗೆ ಪ್ರಸಿದ್ಧವಾದ ಅಯೋವಾ ರಾಜ್ಯದಲ್ಲಿ ಡೆಮಾಕ್ರಟಿಕ್ ಪಕ್ಷದವರು 2020ರ ತನಕ ನಡೆಸಿದ ಕ್ರಮವನ್ನು ನೋಡಿ. ಚಳಿಗಾಲದ ರಾತ್ರಿ ಏಳು ಗಂಟೆಗೆ ಸ್ಕೂಲಿನಲ್ಲೋ ಚರ್ಚಿನಲ್ಲೋ ಸೇರುತ್ತಾರೆ. ಒಬ್ಬೊಬ್ಬ ಅಭ್ಯರ್ಥಿಯ ಕಡೆಯವರು ಕೋಣೆಯ ಒಂದೊಂದು ಮೂಲೆಯಲ್ಲಿ ನಿಲ್ಲುತ್ತಾರೆ. ತಲೆ ಎಣಿಸುತ್ತಾರೆ. ಸಾಮಾನ್ಯವಾಗಿ ನೂರಕ್ಕೆ 15ರಷ್ಟು ಜನ ಇಲ್ಲದ ಗುಂಪು ಒಡೆದು ಬೇರೆ ಗುಂಪಿಗೆ ಸೇರಬೇಕು. ಮತ್ತೆ ಎಣಿಸುತ್ತಾರೆ. ಸಮ ಬಂದರೆ ನಾಣ್ಯ ಚಿಮ್ಮಿ ತೀರ್ಮಾನಿಸಿದ್ದೂ ಉಂಟು.

ಇದನ್ನು ಅಪ್ಪಟ ಪ್ರಜಾಪ್ರಭುತ್ವ ಎಂದು ಹೊಗಳುವವರಿದ್ದಾರೆ. ನೆರೆಹೊರೆಯವರು ಮುಖಾಮುಖಿ ಕೂತು ಮಾತಾಡಿ ತೀರ್ಮಾನಿಸುವುದು ಸುಂದರ ಕಲ್ಪನೆಯೇ. ಆದರೆ ಒಂದೆರಡು ಸಾದಾ ಪ್ರಶ್ನೆ ಕೇಳಿ ನೋಡಿ. ರಾತ್ರಿ ಪಾಳಿಯ ಕೆಲಸದವನು ಏಳು ಗಂಟೆಗೆ ಬರುವುದು ಹೇಗೆ? ಕೈಕೂಸಿನ ತಾಯಿ ಎರಡು ಗಂಟೆ ಹೇಗೆ ನಿಲ್ಲುತ್ತಾಳೆ? ಕೆಲಸ ಕೊಟ್ಟ ಧಣಿ ಎದುರು ಮೂಲೆಯಲ್ಲಿ ನಿಂತು ನೋಡುತ್ತಿರುವಾಗ ಕೂಲಿಯವನು ಯಾವ ಮೂಲೆಗೆ ಹೋಗುತ್ತಾನೆ? ಮುಖಾಮುಖಿ ಎಂಬ ಮಾತು ಸಮಾನರ ನಡುವೆ ಮಾತ್ರ ಸುಂದರ.

ಈ ಮಾತಿನ ಹುಟ್ಟೂ ಸ್ವಾರಸ್ಯಕರ. 1763ರಲ್ಲಿ ಜಾನ್ ಆಡಮ್ಸ್ ಬಾಸ್ಟನ್ ನಗರದ ಒಂದು ಕಾಕಸ್ ಕ್ಲಬ್ಬಿನ ಬಗ್ಗೆ ದಿನಚರಿಯಲ್ಲಿ ಬರೆದಿದ್ದಾನೆ. ಒಬ್ಬನ ಮನೆಯ ಅಟ್ಟದ ಮೇಲೆ ಕೆಲವರು ಸೇರಿ, ಹೊಗೆ ತುಂಬುವವರೆಗೂ ತಂಬಾಕು ಸೇದಿ, ಕುಡಿದು, ಊರಿನ ಅಧಿಕಾರಿಗಳು ಯಾರಾಗಬೇಕೆಂದು ಆರಿಸುತ್ತಿದ್ದರಂತೆ. ಊರು ಆರಿಸುವುದು ಆಮೇಲೆ. ಅಟ್ಟದ ಮೇಲಿನ ಆಯ್ಕೆ ಮೊದಲು, ಊರಿನ ಆಯ್ಕೆ ಆಮೇಲೆ ಎಂಬ ಈ ಕ್ರಮವನ್ನು ನೆನಪಿಟ್ಟುಕೊಳ್ಳಬೇಕು. ನಮ್ಮೂರಿನಲ್ಲಿ ಅಟ್ಟದ ಬದಲು ತೋಟವಿತ್ತು ಅಷ್ಟೆ.

3

ಈಗ ಮಿಸಿಸಿಪಿ ರಾಜ್ಯಕ್ಕೆ ಬರೋಣ. 1960ರ ದಶಕದ ಮೊದಲಲ್ಲಿ ಅಲ್ಲಿನ ಜನಸಂಖ್ಯೆಯಲ್ಲಿ ನೂರಕ್ಕೆ ನಲವತ್ತಕ್ಕಿಂತ ಹೆಚ್ಚು ಕಪ್ಪು ಜನ. ಓಟಿನ ವಯಸ್ಸಾದ ಕಪ್ಪು ಜನರಲ್ಲಿ ಮತದಾರರ ಪಟ್ಟಿಯಲ್ಲಿದ್ದವರು ನೂರಕ್ಕೆ ಏಳರಷ್ಟು ಮಾತ್ರ. ಹೆಸರು ಸೇರಿಸಲು ಹೋದರೆ ಸಂವಿಧಾನದ ಒಂದು ಕಲಮು ಕೊಟ್ಟು ಅರ್ಥ ಬರಿ ಎನ್ನುತ್ತಿದ್ದರು. ಹೋಗಿ ಬಂದರೆ ಕೆಲಸ ಹೋಗುತ್ತಿತ್ತು, ಕೆಲವೊಮ್ಮೆ ಜೀವವೂ ಹೋಗುತ್ತಿತ್ತು. ಹತ್ತಿ ಹೊಲದ ಗೇಣಿ ಕೂಲಿ ಫ್ಯಾನಿ ಲೂ ಹೇಮರ್ 1962ರ ಆಗಸ್ಟ್ 31ರಂದು ಹೆಸರು ನೋಂದಾಯಿಸಲು ಹೋಗಿ ಬಂದ ದಿನವೇ ಧಣಿ ಆಕೆಯನ್ನು ಹೊಲದಿಂದ ಹೊರಗೆ ಹಾಕಿದ. 1963ರಲ್ಲಿ ವಿನೋನಾ ಎಂಬ ಊರಿನ ಜೈಲಿನಲ್ಲಿ ಆಕೆಯನ್ನು ಹಣ್ಣುಗಾಯಿ ನೀರುಗಾಯಿ ಮಾಡಿದರು.

1964ರ ಏಪ್ರಿಲ್‌ನಲ್ಲಿ ಆಕೆ ಮತ್ತು ಸಂಗಾತಿಗಳು 'ಮಿಸಿಸಿಪಿ ಫ್ರೀಡಂ ಡೆಮಾಕ್ರಟಿಕ್ ಪಾರ್ಟಿ' ಕಟ್ಟಿದರು. ಜೂನ್ 16ರಂದು ರಾಜ್ಯದ ಡೆಮಾಕ್ರಟಿಕ್ ಪಕ್ಷದ ಮತಗಟ್ಟೆ ಮಟ್ಟದ ಸಭೆಗಳಿದ್ದವು. ಪಟ್ಟಿಯಲ್ಲಿ ಹೆಸರಿದ್ದ ಕಪ್ಪು ಜನ, ನಾವೂ ಮತದಾರರೇ ಎಂದು ಅಲ್ಲಲ್ಲಿ ಆ ಸಭೆಗಳಿಗೆ ಹೋದರು. ಹೇಮರ್ ತನ್ನ ಊರಾದ ರೂಲ್‌ವಿಲ್‌ನಲ್ಲಿ ಸಭೆಯ ಜಾಗಕ್ಕೆ ಹೋದಾಗ ಬಾಗಿಲಿಗೆ ಬೀಗ. ಬೇರೆ ಕಡೆಗಳಲ್ಲಿ ಸಭೆಯ ಸುಳಿವೇ ಇರಲಿಲ್ಲ. ಕೆಲವು ಕಡೆ ಒಳಗೆ ಬಿಟ್ಟರೂ ಓಟು ಹಾಕಗೊಡಲಿಲ್ಲ. ಕೆಲವು ಕಡೆ ಹೆಸರು ಸೂಚಿಸಗೊಡಲಿಲ್ಲ. ಓಟು ಎಣಿಸುವವರು ಯಾರು ಎಂದು ತೀರ್ಮಾನಿಸಗೊಡಲಿಲ್ಲ.

ಇಸ್ಕೂಲ್ ತಾವ, ಡೇರಿ ತಾವ, ತೋಟದ ತಾವ. ಇದನ್ನು ಓದುವಾಗ ನನಗೆ ಮೈ ಜುಮ್ಮೆಂದಿತು.

ಆದರೆ ರೂಲ್‌ವಿಲ್‌ನವರು ನಮ್ಮ ಹಾಗೆ ಬೀಗ ನೋಡಿ ಇನ್ನೊಂದು ಕಡೆಗೆ ಅಲೆಯಲಿಲ್ಲ. ಆ ಬೀಗದ ಬಾಗಿಲ ಹೊರಗೆ, ಹುಲ್ಲಿನ ಮೇಲೆ, ಅಲ್ಲೇ ಸಭೆ ಕೂತರು. ತಮ್ಮ ಅಧ್ಯಕ್ಷರನ್ನು, ತಮ್ಮ ಪ್ರತಿನಿಧಿಗಳನ್ನು ಆರಿಸಿದರು, ಬರೆದುಕೊಂಡರು. ಎಲ್ಲೆಲ್ಲಿ ಏನೇನಾಯಿತು ಎಂಬುದೆಲ್ಲ ದಾಖಲಾಯಿತು. ಬೀಗ ಹಾಕಿತ್ತು ಎಂಬುದು ಒಂದು ಸಾಕ್ಷ್ಯವಾಯಿತು. ಆಮೇಲೆ ಪಕ್ಷದ ನಿಯಮದ ಪ್ರಕಾರವೇ ಮತಗಟ್ಟೆ, ಕೌಂಟಿ ಎಂದು ಮೆಟ್ಟಿಲು ಹತ್ತಿ, ಆಗಸ್ಟ್ 6ರಂದು ಜಾಕ್ಸನ್ ನಗರದಲ್ಲಿ ರಾಜ್ಯ ಸಮಾವೇಶ ನಡೆಸಿ 68 ಪ್ರತಿನಿಧಿಗಳನ್ನು ಅಟ್ಲಾಂಟಿಕ್ ಸಿಟಿಯ ರಾಷ್ಟ್ರೀಯ ಸಮಾವೇಶಕ್ಕೆ ಕಳಿಸಿದರು. ನಿಯಮದಂತೆ ನಡೆದವರು ನಾವು, ಆದ್ದರಿಂದ ಕುರ್ಚಿ ನಮ್ಮದು ಎಂಬುದು ಅವರ ವಾದ.

ಆಗಸ್ಟ್ 22ರಂದು ಅರ್ಹತಾ ಸಮಿತಿಯ ಮುಂದೆ ಹೇಮರ್ ಜೈಲಿನ ಹೊಡೆತವನ್ನೂ ಸೇರಿಸಿ ಎಲ್ಲವನ್ನೂ ಹೇಳಿದಳು. ಟಿವಿ ಕ್ಯಾಮೆರಾಗಳು ಆಕೆಯ ಮೇಲಿಂದ ಸರಿಯಲಿ ಎಂದು ಅಧ್ಯಕ್ಷ ಜಾನ್ಸನ್ ಅದೇ ಹೊತ್ತಿಗೆ ತಾನೊಂದು ಪತ್ರಿಕಾಗೋಷ್ಠಿ ಕರೆದ. ರಾತ್ರಿಯ ಸುದ್ದಿಯಲ್ಲಿ ದೇಶ ಆಕೆಯನ್ನು ನೋಡಿಯೇ ನೋಡಿತು. ಕೊನೆಗೆ ಪಕ್ಷ ಒಂದು ರಾಜಿ ಸೂತ್ರ ತಂದಿತು: ನಿಮಗೆ ಎರಡು ಸೀಟು ಕೊಡುತ್ತೇವೆ. ಆ ಎರಡರಲ್ಲಿ ಯಾರು ಕೂರಬೇಕೆಂದೂ ಪಕ್ಷವೇ ಹೆಸರಿಸಿತ್ತು. ಫ್ರೀಡಂ ಪಾರ್ಟಿಯವರು ಎರಡು ಸೀಟಿಗಾಗಿ ಇಷ್ಟು ದೂರ ಬಂದಿಲ್ಲ ಎಂದು ತಿರಸ್ಕರಿಸಿದರು.

'ನಿಮ್ಮೋನ್ನೇ ಮಾಡಿವಿ ಕಣಪ್ಪ, ಇನ್ನೇನ್ ಬೇಕು' ಎಂಬ ಮಾತಿಗೆ ಇದಕ್ಕಿಂತ ಸರಿಯಾದ ಉತ್ತರ ನನಗೆ ಗೊತ್ತಿಲ್ಲ. ಪ್ರಶ್ನೆ ಇರುವುದು ಸೀಟಿನಲ್ಲಿ ಯಾರ ಜಾತಿಯವನು ಕೂತ ಎಂಬುದು ಮಾತ್ರವಲ್ಲ. ಅವನನ್ನು ಯಾರು ಆರಿಸಿದರು ಎಂಬುದು.

4

ಇಲ್ಲಿ ಇನ್ನೊಂದು ಸಂಗತಿಯನ್ನು ಹೇಳಬೇಕು. 1972ರಲ್ಲಿ ಬೊಂಬಾಯಿಯಲ್ಲಿ ಹುಟ್ಟಿದ ದಲಿತ ಪ್ಯಾಂಥರ್ಸ್ ತನ್ನ ಹೆಸರನ್ನು ಅಮೆರಿಕದ ಬ್ಲ್ಯಾಕ್ ಪ್ಯಾಂಥರ್ಸ್‌ನಿಂದ ತಂದುಕೊಂಡಿತೆಂದು ನಾವೆಲ್ಲ ಬರೆಯುತ್ತೇವೆ. ಆ ಕರಿ ಚಿರತೆ ಅಲ್ಲಿಗಾದರೂ ಎಲ್ಲಿಂದ ಬಂತು?

ಅಲಬಾಮಾ ರಾಜ್ಯದ ಲೌಂಡ್ಸ್ ಕೌಂಟಿಯಿಂದ. ಅಲ್ಲಿ ನೂರಕ್ಕೆ ಎಂಬತ್ತರಷ್ಟು ಕಪ್ಪು ಜನರಿದ್ದರೂ 1965ರ ಮೊದಲಲ್ಲಿ ಮತದಾರರ ಪಟ್ಟಿಯಲ್ಲಿ ಅವರ ಒಬ್ಬರ ಹೆಸರೂ ಇರಲಿಲ್ಲ. ಅಲ್ಲಿನ ಡೆಮಾಕ್ರಟಿಕ್ ಪಕ್ಷದ ಗುರುತು ಬಿಳಿ ಹುಂಜ, ದಶಕಗಳ ಕಾಲ ಅದರ ಜೊತೆಗೆ ಬಿಳಿಯರ ಮೇಲುಗೈಯ ಘೋಷಣೆ. ಆ ಪಕ್ಷದೊಳಗೆ ಜಾಗ ಕೇಳುವುದೇ ಬೇಡವೆಂದು ಅಲ್ಲಿನ ಜನ ಕೌಂಟಿ ಮಟ್ಟದ ತಮ್ಮದೇ ಪಕ್ಷ ಕಟ್ಟಿದರು. ಓದು ಬಾರದ ಮತದಾರರಿಗೆ ಗುರುತು ಬೇಕಲ್ಲ, ಕರಿ ಚಿರತೆಯನ್ನು ಆರಿಸಿಕೊಂಡರು. 1966ರ ಮೇ 3ರಂದು, ಕೋರ್ಟಿನ ಕಟ್ಟಡಕ್ಕೆ ಸ್ವಲ್ಪ ದೂರದ ಒಂದು ಚರ್ಚಿನ ಹತ್ತಿರ, ಸುಮಾರು 900 ಜನ ಸೇರಿ ಓಟು ಹಾಕಿ ತಮ್ಮ ಅಭ್ಯರ್ಥಿಗಳನ್ನು ಆರಿಸಿದರು. ಅದೂ ಒಂದು ಮತದಾರರ ಸಭೆ. ಅದೇ ವರ್ಷ ಓಕ್‌ಲ್ಯಾಂಡಿನಲ್ಲಿ ಹುಟ್ಟಿದ ಬ್ಲ್ಯಾಕ್ ಪ್ಯಾಂಥರ್ ಪಕ್ಷ ಆ ಚಿರತೆಯನ್ನು ಎತ್ತಿಕೊಂಡಿತು.

ಆ ನವೆಂಬರಿನಲ್ಲಿ ಲೌಂಡ್ಸ್‌ನ ಏಳೂ ಅಭ್ಯರ್ಥಿಗಳು ಸೋತರು. 1970ರಲ್ಲಿ ಅವರ ಮುಂದಾಳು ಜಾನ್ ಹ್ಯೂಲೆಟ್ ಅದೇ ಕೌಂಟಿಗೆ ಷೆರೀಫನಾದ, ಅಂದರೆ ಪೊಲೀಸು ಅಧಿಕಾರವೇ ಅವನ ಕೈಗೆ ಬಂತು.

ಪ್ಯಾಂಥರ್ ಎಂದರೆ ನಾವು ಸಿಟ್ಟು, ಘೋಷಣೆ, ಬೆಂಕಿಯ ಭಾಷೆ ಎಂದಷ್ಟೇ ಗ್ರಹಿಸಿದ್ದೇವೆ. ದಲಿತ ಸಾಹಿತ್ಯದ ವಿಮರ್ಶೆಯೂ ಬಹುಮಟ್ಟಿಗೆ ಈ ಸಿಟ್ಟಿನ ಸುತ್ತಲೇ ನಡೆದಿದೆ. ಆದರೆ ಆ ಚಿರತೆಯ ಮೊದಲ ಕೆಲಸ, ಓದು ಬಾರದ ಹೊಲದ ಕೂಲಿಗಳಿಗೆ ನಮ್ಮ ಪಕ್ಷ ಯಾವುದು ಎಂದು ತೋರಿಸುವುದಾಗಿತ್ತು. ಬಹಳ ಶಿಸ್ತಿನ, ಲೆಕ್ಕ ಇಟ್ಟ ಕೆಲಸ ಅದು.

5

ಅವ್ಯವಸ್ಥೆಯ ಪ್ರಶ್ನೆಗೆ ಮರಳೋಣ. 1968ರಲ್ಲಿ ಷಿಕಾಗೊ ಸಮಾವೇಶ ಗಲಾಟೆಯಲ್ಲಿ ಮುಗಿದ ಮೇಲೆ ಡೆಮಾಕ್ರಟಿಕ್ ಪಕ್ಷ ಒಂದು ಆಯೋಗ ನೇಮಿಸಿತು. ಮೆಕ್‌ಗವರ್ನ್-ಫ್ರೇಸರ್ ಆಯೋಗ ಎಂದು ಅದರ ಹೆಸರು. ಅದು ಕಂಡುಕೊಂಡದ್ದೇನು? ಕನಿಷ್ಠ 20 ರಾಜ್ಯಗಳಲ್ಲಿ ಪ್ರತಿನಿಧಿಗಳನ್ನು ಆರಿಸುವುದಕ್ಕೆ ನಿಯಮವೇ ಇರಲಿಲ್ಲ, ಇದ್ದರೂ ಸಾಲದಾಗಿತ್ತು. ಎಲ್ಲವೂ ಬೆರಳೆಣಿಕೆಯ ಮುಖಂಡರ ಮರ್ಜಿ. ಆಯೋಗ ಹೇಳಿದ ಮದ್ದು ಬಹಳ ಸರಳ: ನಿಯಮಗಳನ್ನು ಬರೆದಿಡಿ, ಎಲ್ಲಿ, ಎಷ್ಟು ಹೊತ್ತಿಗೆ ಎಂದು ಮೊದಲೇ ಸಾರಿ, ಎಲ್ಲರೂ ಬರಬಹುದಾದ ಸಾರ್ವಜನಿಕ ಜಾಗದಲ್ಲಿ ಸೇರಿ, ಬಾರದವರ ಹೆಸರಿನಲ್ಲಿ ಇನ್ನೊಬ್ಬರು ಓಟು ಹಾಕುವುದು ನಿಲ್ಲಲಿ, ಕೋರಂ ಇರಲಿ. ರೂಲ್‌ವಿಲ್‌ನ ಹುಲ್ಲಿನ ಮೇಲೆ ಕೂತವರು ಕೇಳಿದ್ದು ಇಷ್ಟನ್ನೇ ಅಲ್ಲವೆ? ಅಯೋವಾದ ಕಾಕಸ್ 1972ರ ಜನವರಿಗೆ ಬಂದು ಪ್ರಸಿದ್ಧವಾದದ್ದೂ ಈ ಹೊಸ ನಿಯಮಗಳ ಕಾಲದಲ್ಲೇ.

ಹಾಗೆಂದು ಗೊಂದಲ ನಿಲ್ಲಲಿಲ್ಲ. 2012ರಲ್ಲಿ ಅಯೋವಾದ ರಿಪಬ್ಲಿಕನ್ ಕಾಕಸ್ ರಾತ್ರಿ ರಾಮ್ನಿ 8 ಓಟಿನಿಂದ ಮುಂದೆ ಎಂದರು. ಎರಡು ವಾರದ ಮೇಲೆ ಸ್ಯಾಂಟೋರಮ್ 34 ಓಟಿನಿಂದ ಮುಂದೆ ಎಂದರು. ಎಂಟು ಮತಗಟ್ಟೆಗಳ ಲೆಕ್ಕ ಸಿಗಲೇ ಇಲ್ಲ. 2020ರ ಫೆಬ್ರವರಿ 3ರಂದು ಡೆಮಾಕ್ರಟಿಕ್ ಪಕ್ಷದವರು ಫಲಿತಾಂಶ ಕಳಿಸಲು ತಂದ ಮೊಬೈಲ್ ಆ್ಯಪ್ ಕೈಕೊಟ್ಟು ದಿನಗಟ್ಟಲೆ ಫಲಿತಾಂಶವೇ ಬರಲಿಲ್ಲ. ದೇಶವೆಲ್ಲ ನಕ್ಕಿತು. 2024ರಲ್ಲಿ ಆ ಪಕ್ಷ ಅಯೋವಾದ ಮೊದಲ ಸ್ಥಾನವನ್ನು ಕಿತ್ತು, ಕಪ್ಪು ಮತದಾರರು ಬಹಳವಿರುವ ಸೌತ್ ಕೆರೊಲಿನಾ ರಾಜ್ಯಕ್ಕೆ ಕೊಟ್ಟಿತು. ಅಯೋವಾದ ಡೆಮಾಕ್ರಟಿಕ್ ಮತದಾರರು ಆ ವರ್ಷ ಅಂಚೆಯ ಕಾರ್ಡಿನಲ್ಲಿ ತಮ್ಮ ಆಯ್ಕೆ ಬರೆದು ಕಳಿಸಿದರು.

ಇಲ್ಲಿ ಗಮನಿಸಬೇಕಾದದ್ದು, 2020ರ ಗೊಂದಲ ನಷ್ಟ ಮಾಡಿದ್ದು ವಕೀಲರೂ ದುಡ್ಡೂ ಕ್ಯಾಮೆರಾಗಳೂ ಇದ್ದ ಅಭ್ಯರ್ಥಿಗಳಿಗೆ. ಆದ್ದರಿಂದ ಅದು ರಾತ್ರೋರಾತ್ರಿ ರಾಷ್ಟ್ರೀಯ ಹಗರಣವಾಯಿತು. 1964ರ ಬೀಗ ಹಗರಣವಾಗಲು ಒಬ್ಬ ಹೆಣ್ಣುಮಗಳು ಏಟು ತಿಂದು ಅಲ್ಲಿಯವರೆಗೆ ನಡೆಯಬೇಕಾಯಿತು. ಅವ್ಯವಸ್ಥೆಗೂ ಬಣ್ಣವಿದೆ. ನಮ್ಮಲ್ಲಿ ಅದಕ್ಕೆ ಜಾತಿ ಇದೆ.

ಹಾಗಾದರೆ ಸಭೆಯೇ ಬೇಡವೆ? ಹಾಗೆ ಹೇಳುವುದು ದುಡುಕು. 1988ರಲ್ಲಿ ಮಿಷಿಗನ್ ರಾಜ್ಯದ ಡೆಮಾಕ್ರಟಿಕ್ ಕಾಕಸ್ಸನ್ನು ಜೆಸ್ಸಿ ಜಾಕ್ಸನ್ ಗೆದ್ದ. 2008ರ ಜನವರಿ 3ರಂದು ಬಿಳಿಯರೇ ತುಂಬಿದ ಅಯೋವಾದ ಕಾಕಸ್ಸನ್ನು ಒಬಾಮ ಗೆದ್ದ. ಮನೆಮನೆಗೆ ಹೋಗಿ ಜನರನ್ನು ಕರೆತಂದು, ನಿಯಮ ಕಲಿಸಿ ನಿಲ್ಲಿಸುವ ಶಕ್ತಿ ಇದ್ದರೆ ಸಭೆ ನಮ್ಮದೂ ಆಗುತ್ತದೆ. ಆದರೆ ಕಲಿಯುವುದಕ್ಕೆ ಮೊದಲು ನಿಯಮ ಎಂಬುದೊಂದು ಇರಬೇಕು. ಯಜಮಾನನ ಬಾಯಲ್ಲಿರುವ ನಿಯಮವನ್ನು ಕಲಿಯಲಾಗುವುದಿಲ್ಲ, ಕಾಯಬಹುದು ಅಷ್ಟೆ.

'ಇದು ನಮ್ಮ ಖಾಸಗಿ ವ್ಯವಹಾರ, ನೀವು ಯಾರು ಕೇಳಲು' ಎಂಬ ವಾದವೂ ಅಲ್ಲಿ ಬಂದಿತ್ತು. ಟೆಕ್ಸಸ್ ರಾಜ್ಯದ ಫೋರ್ಟ್ ಬೆಂಡ್ ಕೌಂಟಿಯಲ್ಲಿ 1889ರಿಂದ 'ಜೇಬರ್ಡ್' ಎಂಬ ಬಿಳಿಯರ ಸಂಘವೊಂದಿತ್ತು. ಅದು ಮೊದಲೇ ತನ್ನೊಳಗೆ ಓಟು ನಡೆಸಿ ಹೆಸರು ಆರಿಸುತ್ತಿತ್ತು. ಆಮೇಲೆ ಪಕ್ಷದ ಪ್ರೈಮರಿಯಲ್ಲೂ ಚುನಾವಣೆಯಲ್ಲೂ ಹೆಚ್ಚುಕಡಿಮೆ ಯಾವಾಗಲೂ ಅವರೇ ಗೆಲ್ಲುತ್ತಿದ್ದರು. ಕಪ್ಪು ಮತದಾರನಿಗೆ ಕೊನೆಯ ಓಟು ಇತ್ತು, ಮೊದಲ ಓಟು ಇರಲಿಲ್ಲ. 1953ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಇದು ಸಂವಿಧಾನಕ್ಕೆ ವಿರುದ್ಧ ಎಂದಿತು. ಸಂಘ ಖಾಸಗಿ ಇರಬಹುದು, ಅದು ಮಾಡುತ್ತಿರುವ ಕೆಲಸ ಖಾಸಗಿಯಲ್ಲ. ತೋಟ ಅವರದ್ದು ಇರಬಹುದು, ಸೀಟು ಅವರದ್ದಲ್ಲ.

6

ಈ ಮೊದಲ ಓಟಿನ ಮಹತ್ವವನ್ನು ನಮ್ಮಲ್ಲಿ ಎಲ್ಲರಿಗಿಂತ ಮೊದಲು ಕಂಡವರು ಬಾಬಾಸಾಹೇಬರು. 1932ರ ಸೆಪ್ಟೆಂಬರ್ 24ರ ಪೂನಾ ಒಪ್ಪಂದ ಎಂದರೆ ನಾವು ಗಾಂಧಿಯ ಉಪವಾಸವನ್ನೂ 148 ಮೀಸಲು ಸೀಟುಗಳನ್ನೂ ನೆನೆಯುತ್ತೇವೆ. ಅದರೊಳಗೆ ಒಂದು ಪ್ರೈಮರಿ ಇತ್ತೆಂಬುದನ್ನು ಮರೆಯುತ್ತೇವೆ. ಮೀಸಲು ಕ್ಷೇತ್ರದಲ್ಲಿ ಮೊದಲು ಅಸ್ಪೃಶ್ಯ ಮತದಾರರು ಮಾತ್ರ ಓಟು ಹಾಕಿ ನಾಲ್ವರನ್ನು ಆರಿಸಬೇಕು. ಆ ನಾಲ್ವರಲ್ಲಿ ಒಬ್ಬನನ್ನು ಎಲ್ಲ ಜಾತಿಯ ಮತದಾರರೂ ಸೇರಿ ಆರಿಸಬೇಕು. ಈ ಏರ್ಪಾಡಿನ ಅವಧಿ ಹತ್ತು ವರ್ಷ. ಬ್ರಿಟಿಷ್ ಆಳ್ವಿಕೆಯಲ್ಲಿದ್ದ ಧಾರವಾಡ, ಬಳ್ಳಾರಿಯಂಥ ಕಡೆಗಳಿಗೆ ಇದು ಅನ್ವಯಿಸುತ್ತಿತ್ತು, ಮೈಸೂರು ಸಂಸ್ಥಾನಕ್ಕೆ ಇಲ್ಲ.

ಇದರ ಕೊರತೆಯನ್ನೂ ಅಂಬೇಡ್ಕರ್ ಅವರೇ ತೋರಿಸಿದರು. ಮೊದಲ ಸುತ್ತಿನಲ್ಲಿ ತನ್ನ ಜನರಿಂದ ಅತಿ ಕಡಿಮೆ ಓಟು ಪಡೆದು ನಾಲ್ಕನೆಯವನಾದವನೂ ಎರಡನೆಯ ಸುತ್ತಿನಲ್ಲಿ ಇತರರ ಓಟಿನಿಂದ ಗೆದ್ದುಬಿಡಬಹುದು. 1946ರಲ್ಲಿ ಅವರು ಮೊದಲ ಸುತ್ತಿನ ಅಂಕಿಗಳನ್ನೇ ಬ್ರಿಟಿಷರ ಮುಂದಿಟ್ಟು, ನಮ್ಮ ಜನ ಆರಿಸಿದವರು ಬೇರೆ, ಗೆದ್ದವರು ಬೇರೆ ಎಂದು ವಾದಿಸಿದರು. ಇಂದು ಆ ಮೊದಲ ಸುತ್ತೂ ಇಲ್ಲ. ಮೀಸಲು ಕ್ಷೇತ್ರದ ಬಿ ಫಾರಂ ಹೈಕಮಾಂಡಿನ ಕೈಯಲ್ಲಿ, ಮೀಸಲು ವಾರ್ಡಿನ ಹೆಸರು ತೋಟದ ಕುರ್ಚಿಗಳ ಮೇಲೆ. ಪೂನಾ ಒಪ್ಪಂದದ ನಾಲ್ವರ ಪಟ್ಟಿ ಸಾಲದೆಂದು ಬಾಬಾಸಾಹೇಬರು ಸಿಟ್ಟಾದರು. ನಮಗೆ ಒಬ್ಬರ ಪಟ್ಟಿ ಬರುತ್ತದೆ, ಅದೂ ಬರೆದು ಮುಗಿಸಿದ್ದು.

1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಅವರು ಹಳ್ಳಿಯ ಗಣರಾಜ್ಯದ ಹೊಗಳಿಕೆಯನ್ನು ಖಂಡಿಸಿದ್ದನ್ನೂ ಈ ಬೆಳಕಿನಲ್ಲಿ ಓದಬೇಕು. ಅರಳಿಕಟ್ಟೆಯ ಸಭೆಯನ್ನು ನಮ್ಮ ಎಷ್ಟೋ ಬರಹಗಾರರು ಆರ್ದ್ರವಾಗಿ ಚಿತ್ರಿಸಿದ್ದಾರೆ. ಆ ಕಟ್ಟೆಯ ಮೇಲೆ ಯಾರು ಕೂತಿದ್ದಾರೆ, ಕೆಳಗೆ ಯಾರು ನಿಂತಿದ್ದಾರೆ, ಸಭೆ ಸಾರಲು ತಮಟೆ ಬಡಿದವನು ಈಗ ಎಲ್ಲಿದ್ದಾನೆ? ದಲಿತ ವಿಮರ್ಶೆ ಎಂದರೆ ದಲಿತರು ಬರೆದದ್ದರ ವಿಮರ್ಶೆ ಮಾತ್ರವಲ್ಲ. 'ಸರ್ವಾನುಮತದಿಂದ' ಎಂಬ ಒಂದು ಪದವನ್ನು ಓದಿ, ಅದರೊಳಗೆ ಯಾರ ಹೆಬ್ಬೆಟ್ಟು ಯಾವ ಹೊತ್ತಿಗೆ ಬಿತ್ತು ಎಂದು ಕೇಳುವುದೂ ದಲಿತ ವಿಮರ್ಶೆಯೇ. ಕಾದಂಬರಿಯನ್ನು ಓದುವಷ್ಟೇ ಎಚ್ಚರದಿಂದ ನಡಾವಳಿ ಪುಸ್ತಕವನ್ನೂ ಓದಬೇಕಾಗಿದೆ.

7

ನಮ್ಮ ಟ್ರ್ಯಾಕ್ಟರ್ ಹುಡುಗ ಆ ಚುನಾವಣೆಯಲ್ಲಿ ಗೆದ್ದ. ಒಳ್ಳೆಯವನೇ. ಕೇರಿಗೆ ನಲ್ಲಿ ಹಾಕಿಸಿದ. ಅವನ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಕೇರಿಗೂ ಊರಿಗೂ ಜಗಳ ಬಂದ ದಿನ ಅವನು ಮಾತಾಡಲಿಲ್ಲ. ಅವನಿಗೆ ಮಾತು ಬರುವುದಿಲ್ಲವೆಂದಲ್ಲ, ಅವನನ್ನು ಆರಿಸಿದ್ದು ನಾವಾಗಿರಲಿಲ್ಲ.

ಈಗ ನಾನು ಕಾಲೇಜಿನಲ್ಲಿ ಪಾಠ ಹೇಳುತ್ತೇನೆ. ಹೇಮರ್ ಕತೆಯನ್ನು ರಜೆಗೆ ಊರಿಗೆ ಹೋದಾಗ ಅತ್ತೆಗೆ ಹೇಳಿದೆ. ಬೀಗ, ಹುಲ್ಲು, ಎರಡು ಸೀಟು ಎಲ್ಲವನ್ನೂ ಕೇಳಿಸಿಕೊಂಡು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಕೇಳಿದಳು:

'ಅವತ್ತು ಇಸ್ಕೂಲ್ ಮುಂದೆ ನಾವು ಎಷ್ಟು ಜನ ಇದ್ವಿ?'

'ಹತ್ತು ಹನ್ನೊಂದು ಇದ್ವೇನೋ.'

'ಅಲ್ಲೇ ಕುಂತ್ಕಬೈದಿತ್ತು' ಎಂದಳು.

ಮುಂದಿನ ಸಲ ನೋಟ್‌ಬುಕ್ಕು ನಾವೇ ತೆಗೆದುಕೊಂಡು ಹೋಗಬೇಕು.